ಹರಕೆ ಹೊತ್ತ ಮರುವಾರ

ಗಾಣಗಾಪುರದಲ್ಲಿ ನಡುಹಗಲು ಹನ್ನೆರಡಾಗುತ್ತಿದ್ದಂತೆ ಜೋಳಿಗೆಗಳು ಹೊರಡುತ್ತವೆ. ಮುಂಬೈಯಲ್ಲಿ ಅಂಗಡಿ ಇಟ್ಟವರು, ಸೊಲ್ಲಾಪುರದ ನೌಕರರು, ಅಫಜಲಪುರ ಕಡೆಯ ಒಕ್ಕಲುತನದವರು ಒಂದೇ ಬೀದಿಯಲ್ಲಿ ಐದು ಮನೆ ಮಧುಕರಿ ಬೇಡುತ್ತಾರೆ. ಆ ಹೊತ್ತಿನಲ್ಲಿ ದತ್ತಗುರುವೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ ಇಲ್ಲಿಯದು. ಹಾಗಾಗಿ ಬೇಡುವವನು ಯಾರು, ನೀಡುವವನು ಯಾರು ಎಂದು ಯಾರೂ ಮುಖ ನೋಡಿ ಅಳೆಯುವುದಿಲ್ಲ. ಹದಿನೈದನೆಯ ಶತಮಾನದಲ್ಲಿ ನೃಸಿಂಹ ಸರಸ್ವತಿಗಳು ನೆಲೆನಿಂತ ಊರಿದು. ಅವರ ನಿರ್ಗುಣ ಪಾದುಕೆಗಳ ದರ್ಶನಕ್ಕೆ, ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಸ್ನಾನಕ್ಕೆ ಜನ ಬರುತ್ತಾರೆ. ಬೇರೆಲ್ಲೂ ಗುಣವಾಗದ್ದನ್ನು ಹೊತ್ತುಕೊಂಡು ಬರುವವರೂ ಬಹಳ. ದೆವ್ವ ಬಡಿದಿದೆ ಎಂದು ಕರೆತಂದವರು, ಮನೋರೋಗಿಗಳು, ವೈದ್ಯರು ಕೈಬಿಟ್ಟವರು. ಅವರ ನಡುವೆ, ಯಾರೂ ಅಷ್ಟಾಗಿ ಗಮನಿಸದ ಇನ್ನೊಬ್ಬ ಇರುತ್ತಾನೆ. ಹೆಂಡತಿಯೋ ಅವ್ವನೋ ಅಕ್ಕನೋ ಕೈಹಿಡಿದು ಕರೆತಂದ ಕುಡುಕ.

ಅವನಿಗೆ ಸಂಗಮದಲ್ಲಿ ಮೂರು ಮುಳುಗು ಹಾಕಿಸುತ್ತಾರೆ. ಔದುಂಬರದ ಕೆಳಗೆ ಕೂಡಿಸಿ ಆಣೆ ಮಾಡಿಸುತ್ತಾರೆ. "ಇನ್ನ ಮುಟ್ಟಂಗಿಲ್ರಿ" ಎಂದು ಅವನೂ ಹೇಳುತ್ತಾನೆ. ಹೇಳುವಾಗ ಅವನ ಮನಸ್ಸಿನಲ್ಲಿ ಸುಳ್ಳಿರುವುದಿಲ್ಲ. ಕುಡುಕರ ಮನೆಯ ಹೆಣ್ಣುಮಕ್ಕಳಿಗೆ ಇದು ಗೊತ್ತು, ಆದ್ದರಿಂದಲೇ ಅವರು ಮತ್ತೆ ಮತ್ತೆ ನಂಬುತ್ತಾರೆ. ಕಷ್ಟ ಶುರುವಾಗುವುದು ಆಣೆಯ ಗಳಿಗೆಯಲ್ಲಿ ಅಲ್ಲ. ಬಸ್ಸು ಹತ್ತಿ ಊರಿಗೆ ಹೋಗಿ, ಮರುವಾರದ ಸಂತೆಯ ಸಂಜೆ ಹಳೆಯ ಗೆಳೆಯರು ಹೆಸರು ಹಿಡಿದು ಕೂಗಿದಾಗ ಅವನ ಜೊತೆ ದೇವರ ಹೆಸರು ಮಾತ್ರ ಇರುತ್ತದೆ. ಮನುಷ್ಯರು ಇರುವುದಿಲ್ಲ.

ಈ ಲೇಖನ ಆ ಮನುಷ್ಯರ ಬಗ್ಗೆ. ಕುಡಿತ ಬಿಟ್ಟವರು, ಬಿಡುತ್ತಿರುವವರು, ಬಿಡಬೇಕೆಂದು ಹಂಬಲಿಸುವವರು ವಾರಕ್ಕೊಮ್ಮೆ ಕೂಡುವ ಸಣ್ಣ ಸಭೆಯ ಬಗ್ಗೆ. ಹರಕೆ ಬೇಡ ಎಂದು ನಾನು ಹೇಳುವವನಲ್ಲ. ಹರಕೆಯ ಬಲದ ಮೇಲೆ ಬಾಟಲಿ ಎತ್ತಿಟ್ಟವರು ನಮ್ಮ ಭಾಗದಲ್ಲಿ ಎಷ್ಟೋ ಜನ ಇದ್ದಾರೆ. ಪಂಢರಪುರದ ಮಾಲೆ ಹಾಕಿಕೊಂಡು ಹನಿ ಮುಟ್ಟದೆ ಬಾಳಿದ ಹಿರಿಯರು ಆಳಂದ, ಅಫಜಲಪುರದ ಹಳ್ಳಿ ಹಳ್ಳಿಯಲ್ಲಿದ್ದರು. ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ಮಾಲೆಯೊಂದೇ ಅಲ್ಲ ಎಂಬುದನ್ನೂ ನೆನೆಯಬೇಕು. ಅವರ ಹಿಂದೆ ಭಜನಿ ಮಂಡಳಿ ಇತ್ತು, ಏಕಾದಶಿಯ ಕೂಟವಿತ್ತು, ಒಂದು ಸಲ ಬರದಿದ್ದರೆ "ಯಾಕ ಬರಲಿಲ್ಲೋ ತಮ್ಮಾ" ಎಂದು ಮನೆ ಬಾಗಿಲಿಗೆ ಬಂದು ಕೇಳುವ ಜೊತೆಗಾರರಿದ್ದರು.

ಮೊದಲು ಒಂದು ಎಚ್ಚರಿಕೆ. ಇದನ್ನು ಗಾಣಗಾಪುರದಂಥ ಕ್ಷೇತ್ರದಲ್ಲಿ ಜೋರಾಗಿ ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ಬಿಟ್ಟರೆ ಮೈ ಸುಮ್ಮನಿರುವುದಿಲ್ಲ. ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತಾನೆ, ನಿದ್ದೆ ಬರುವುದಿಲ್ಲ. ಎರಡು ದಿನದೊಳಗೆ ಕೆಲವರಿಗೆ ಮೂರ್ಛೆ ಬಂದು ಕೈಕಾಲು ಸೆಟೆಯುತ್ತವೆ. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಕೆಲವರು ಇಲ್ಲದ ಹುಳು, ಇಲ್ಲದ ಮನುಷ್ಯರನ್ನು ಕಾಣುತ್ತಾರೆ, ಕೂಗಾಡುತ್ತಾರೆ, ತಾವು ಎಲ್ಲಿದ್ದೇವೆ ಎಂಬುದೂ ತಿಳಿಯದೆ ಒದ್ದಾಡುತ್ತಾರೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಸಂಚಕಾರ. ಯೋಚಿಸಿ ನೋಡಿ: ಸೋಮವಾರ ಮನೆಯಲ್ಲಿ ಕುಡಿತ ನಿಲ್ಲಿಸಿದವನನ್ನು ಗುರುವಾರ ಇಲ್ಲಿಗೆ ಕರೆತಂದರೆ ಅವನ ಅವಸ್ಥೆ ಎಲ್ಲರ ಕಣ್ಣಿಗೂ ದೆವ್ವ ಬಡಿದಂತೆಯೇ ಕಾಣುತ್ತದೆ. ಅವನಿಗೆ ಆ ಕ್ಷಣ ಬೇಕಾದದ್ದು ಆಸ್ಪತ್ರೆ. ನಡುಕ ಮತ್ತು ಮೂರ್ಛೆ ತಡೆಯುವ ಮಾತ್ರೆ, ನರಗಳನ್ನು, ಮಿದುಳನ್ನು ಕಾಯುವ ಥಯಾಮಿನ್ ಎಂಬ ಬಿ1 ವಿಟಮಿನ್, ನೀರು, ನಿದ್ದೆ. ದೇವರ ದರ್ಶನ ನಾಲ್ಕು ದಿನ ತಡವಾದರೆ ದೇವರು ಮುನಿಯುವುದಿಲ್ಲ.

ಸೇಂದಿಯ ಮಾತೂ ಇಲ್ಲಿಗೇ ಸೇರುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರಿನ ಕೆಲವು ಕಡೆ ಮಾರುವ ಸೇಂದಿಯಲ್ಲಿ ಈಚಲ ಮರದ ರಸಕ್ಕಿಂತ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಹೆಚ್ಚು. ಅದು ನಿದ್ದೆ ಬರಿಸುವ ರಾಸಾಯನಿಕ. 2015ರಲ್ಲಿ ಪಕ್ಕದ ತೆಲಂಗಾಣದ ನಿಜಾಮಾಬಾದ್ ಭಾಗದಲ್ಲಿ ಕಲಬೆರಕೆ ಸೇಂದಿಯ ಮೇಲೆ ಸರ್ಕಾರ ಬಿಗಿ ಮಾಡಿದಾಗ, ಅದಕ್ಕೆ ಒಗ್ಗಿಹೋಗಿದ್ದ ಜನ ಹುಚ್ಚರಂತೆ ವರ್ತಿಸುತ್ತ ಆಸ್ಪತ್ರೆ ಸೇರಿದ್ದರು. ಅದನ್ನು ಬಿಡುವಾಗಲೂ ವೈದ್ಯರು ಬಳಿಯಲ್ಲಿರಬೇಕು.

ಆಸ್ಪತ್ರೆ ಮೈಯಿಂದ ಮದ್ಯ ಇಳಿಸುತ್ತದೆ. ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ಉಳಿದ ಆಯುಷ್ಯ ಇನ್ನೂ ಮುಂದಿದೆ. ಇಲ್ಲಿ ಸಭೆಯ ಕೆಲಸ ಶುರುವಾಗುತ್ತದೆ.

ಈ ಬಗೆಯ ಸಭೆಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಹೇಳುವಂತೆ ಎ.ಎ. ಅದು ಹುಟ್ಟಿದ ಬಗೆಯನ್ನು ಗಾಣಗಾಪುರದವರು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು, ಯಾಕೆಂದರೆ ಅದೂ ಒಂದು ಬೇಡುವ ಕಥೆ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಎಂಬ ಊರು. ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟು, ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ. ಒಂದು ಬದಿ ಬಾರು, ಇನ್ನೊಂದು ಬದಿ ಫೋನು. ಅವನು ಫೋನಿನ ಕಡೆ ಹೋದ. ಊರಿನ ಚರ್ಚುಗಳವರಿಗೆ ಕರೆ ಮಾಡಿ ಅವನು ಕೇಳಿದ್ದು ಉಪದೇಶವನ್ನಲ್ಲ. ತಾನು ಮಾತಾಡಬಹುದಾದ ಇನ್ನೊಬ್ಬ ಕುಡುಕನಿದ್ದರೆ ತೋರಿಸಿಕೊಡಿ ಎಂದು ಕೇಳಿದ. ಹಾಗೆ ಸಿಕ್ಕವನು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಅವನೂ ಕುಡಿತದಿಂದ ಹಾಳಾಗಿದ್ದವನೇ. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಬಾಬ್ ಕೊನೆಯ ಸಲ ಕುಡಿದ 1935ರ ಜೂನ್ 10ನೆಯ ತಾರೀಖನ್ನೇ ಎ.ಎ. ತನ್ನ ಹುಟ್ಟುದಿನವೆಂದು ಎಣಿಸುತ್ತದೆ. ಕುಡುಕನೊಬ್ಬ ಇನ್ನೊಬ್ಬ ಕುಡುಕನಿಗೆ ನೆರವಾಗುವಾಗ ತಾನೂ ಉಳಿದುಕೊಳ್ಳುತ್ತಾನೆ ಎಂಬ ಒಂದೇ ಕಾಣ್ಕೆಯ ಮೇಲೆ ಉಳಿದದ್ದೆಲ್ಲ ಬೆಳೆಯಿತು. ಭಾರತಕ್ಕೆ ಅದು ಬಂದದ್ದು 1957ರಲ್ಲಿ.

ಸಭೆಗೆ ಹೋಗಲು ಅಂಜುವವರಿಗಾಗಿ ಒಳಗೆ ಏನು ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ಶುಲ್ಕವಿಲ್ಲ. ಅರ್ಜಿ ಇಲ್ಲ. ಪೂರ್ತಿ ಹೆಸರು, ಜಾತಿ, ಕೆಲಸ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಶಾಲೆಯ ಕೋಣೆಯೋ ಚರ್ಚಿನ ಹಿಂದಿನ ಹಾಲೋ, ನಾಲ್ಕಾರು ಕುರ್ಚಿ, ಚಹಾ. ಒಬ್ಬರಾದ ಮೇಲೆ ಒಬ್ಬರು ತಮ್ಮ ಹೆಸರು ಹೇಳಿ, ತಾನು ಆಲ್ಕೊಹಾಲಿಕ್ ಎಂದು ಒಪ್ಪಿಕೊಂಡು, ತನ್ನ ಬಾಳಲ್ಲಿ ಆದದ್ದನ್ನು ಹೇಳುತ್ತಾರೆ. ಹೆಂಡತಿಯ ತಾಳಿ ಅಡವಿಟ್ಟದ್ದು, ಮಗಳ ಮದುವೆಯ ದಿನ ಮೈಮೇಲೆ ಎಚ್ಚರವಿಲ್ಲದೆ ಬಿದ್ದದ್ದು, ಮೊನ್ನೆ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ವಾಪಸು ಬಂದದ್ದು. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕೇಳಿಸಿಕೊಂಡು ಹೋಗಬಹುದು. ಜೀವಮಾನವಿಡೀ ಬಿಡುತ್ತೇನೆಂಬ ಆಣೆಯನ್ನು ಅಲ್ಲಿ ಯಾರೂ ಹಾಕಿಸುವುದಿಲ್ಲ, ಇವತ್ತೊಂದು ದಿನ ಕುಡಿಯುವುದಿಲ್ಲ ಎಂದರೆ ಸಾಕು. ನನ್ನ ದೃಷ್ಟಿಯಲ್ಲಿ ಹರಕೆಗೂ ಸಭೆಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಹರಕೆ ಮುರಿದವನು ದೇವರಿಗೆ ಮುಖ ತೋರಿಸಲು ನಾಚಿ ಇನ್ನಷ್ಟು ಕುಡಿಯುತ್ತಾನೆ. ಸಭೆಯಲ್ಲಿ, ಮತ್ತೆ ಕುಡಿದು ಬಂದವನಿಗೂ ಕುರ್ಚಿ ಇರುತ್ತದೆ.

ಎ.ಎ.ಯ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಆದರೆ ಅದು ಯಾವ ಮತದ ದೇವರೂ ಅಲ್ಲ, ಅವರವರು ಅರಿತಂತೆ ದೇವರು. ಕಲಬುರಗಿಯ ಮನುಷ್ಯನಿಗೆ ಅವನು ದತ್ತನಾಗಬಹುದು, ಬಂದೇನವಾಜರು ತೋರಿದ ದಾರಿಯಾಗಬಹುದು, ಶರಣಬಸವಪ್ಪನಾಗಬಹುದು. ದೇವರನ್ನೇ ನಂಬದವನು ಸಭೆಯ ಬಲವನ್ನೇ ನಂಬಿದರೂ ನಡೆಯುತ್ತದೆ.

ಇದು ಬರೀ ಭಾವನೆಯ ಮಾತೇ ಎಂದು ಕೇಳುವವರಿಗೆ ಉತ್ತರವಿದೆ. ಎ.ಎ. ಮತ್ತು ಅದರ ಹಾದಿಯ ಚಿಕಿತ್ಸೆಗಳ ಬಗ್ಗೆ ನಡೆದ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಕಾಕ್ರೇನ್ ಸಂಸ್ಥೆಯ ಸಂಶೋಧಕರು ಒಟ್ಟಿಗೆ ಜಾಲಾಡಿ 2020ರಲ್ಲಿ ವರದಿ ಕೊಟ್ಟರು. ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ, ಎ.ಎ.ಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆ ಬೇರೆ ಹೆಸರಾಂತ ಮನೋಚಿಕಿತ್ಸೆಗಳಿಗಿಂತ ಮೇಲು ಎಂದು ಕಂಡಿತು. ನಮ್ಮ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಕೊಳೆಗೇರಿಯ ರೋಗಿಗಳ ನಡುವೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇನ್ನೂ ಹತ್ತಿರದ್ದು. ಆಸ್ಪತ್ರೆಯಿಂದ ಮನೆಗೆ ಹೋದವರನ್ನು ಅವರ ಓಣಿಯ ಬಳಿಯೇ ವಾರವಾರ ಕಂಡು ಮಾತಾಡಿಸಿದಾಗ ಫಲ ಚೆನ್ನಾಗಿತ್ತು. ಮನೆಯ ಹತ್ತಿರ, ವಾರಕ್ಕೊಮ್ಮೆ. ಗುಟ್ಟು ಇಷ್ಟೇ.

ಆದರೂ ಎಷ್ಟು ಜನಕ್ಕೆ ಇದು ಸಿಗುತ್ತಿದೆ? ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 2.9 ಕೋಟಿ ಜನ ಅದಕ್ಕೆ ದಾಸರಾದವರು. ಹಾಗೆ ದಾಸರಾದವರಲ್ಲಿ 38 ಜನಕ್ಕೆ ಒಬ್ಬರು ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಕಂಡಿದ್ದರು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರು ಎಲ್ಲಿ ಹೋದರು ಎಂಬುದಕ್ಕೆ ನಮ್ಮ ಕ್ಷೇತ್ರಗಳ ಧರ್ಮಶಾಲೆಗಳೇ ಉತ್ತರ.

ಕುಡಿತವನ್ನು ಕೂಡಿ ಬಿಡುವ ಯೋಚನೆ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯನೂ ಶರಣರ ಸಾಲಿನಲ್ಲಿ ಕುಳಿತು ತನ್ನ ಅನುಭವ ಹೇಳಿದ, ವಚನ ಬರೆದ. ಇಷ್ಟು ಹಿಂದೆ ಹೋಗುವುದೂ ಬೇಡ. ಇಳಕಲ್ಲಿನ ಮಹಾಂತ ಅಪ್ಪಗಳನ್ನು ಕಂಡವರು ಈಗಲೂ ಇದ್ದಾರೆ. ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಒಂದು ಜೋಳಿಗೆ ಹೆಗಲಿಗೇರಿಸಿ ಊರೂರು ಸುತ್ತಿದರು. ಅದರಲ್ಲಿ ಅವರು ಬೇಡಿದ್ದು ಕಾಳುಕಡಿಯನ್ನಲ್ಲ. ನಿಮ್ಮ ಕುಡಿತ, ನಿಮ್ಮ ಬೀಡಿ, ನಿಮ್ಮ ಗುಟಕಾ ಇದರಲ್ಲಿ ಹಾಕಿರಿ ಎಂದು ಬೇಡಿದರು. ದಲಿತ ಕೇರಿಗಳಿಗೆ ನಡೆದು ಹೋದರು. ಮಹಾಂತ ಜೋಳಿಗೆ ಎಂದೇ ಅದು ಹೆಸರಾಯಿತು. ಅವರು 2018ರಲ್ಲಿ ಲಿಂಗೈಕ್ಯರಾದರು, ಅವರ ಹುಟ್ಟುದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಭಿಕ್ಷೆಯ ಜೋಳಿಗೆಯನ್ನು ದಿನವೂ ಕಾಣುವ ಗಾಣಗಾಪುರಕ್ಕೆ ಈ ಜೋಳಿಗೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಇನ್ನೊಂದು ಹಾದಿ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಶಿಬಿರಗಳು ರಾಜ್ಯದ ಹಳ್ಳಿ ಪಟ್ಟಣಗಳಲ್ಲಿ ನಡೆದಿವೆ. ಊರಿನ ಸಭಾಭವನದಲ್ಲೇ ಎಂಟು ದಿನ ಉಳಿಯುವುದು, ವ್ಯಾಯಾಮ, ಭಜನೆ, ಆಪ್ತಸಮಾಲೋಚನೆ, ಮನೆಯವರನ್ನೂ ಕೂರಿಸಿಕೊಂಡು ಮಾತು. ನನಗೆ ಇದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿ. ಶಿಬಿರದಲ್ಲಿ ಕುಡಿತ ಬಿಟ್ಟವರು ಊರಿಗೆ ಮರಳಿ ಅದೇ ಹೆಸರಿನಲ್ಲಿ ಕೂಡುತ್ತಾರೆ, ಹೊಸ ಶಿಬಿರಕ್ಕೆ ಇನ್ನೊಬ್ಬನನ್ನು ಕರೆತರುತ್ತಾರೆ. ಆಕ್ರನ್ನಿನ ಆ ಇಬ್ಬರು ಕಂಡುಕೊಂಡ ಸತ್ಯವನ್ನೇ ಬೆಳ್ತಂಗಡಿ ಸೀಮೆಯವರೂ ತಮ್ಮ ದಾರಿಯಲ್ಲಿ ಕಂಡುಕೊಂಡರು. ಇತ್ತ ಪುಣೆಯಲ್ಲಿ ಅನಿಲ್ ಅವಚಟ್ ದಂಪತಿ 1986ರಲ್ಲಿ, ಪು.ಲ. ದೇಶಪಾಂಡೆಯವರು ಕೊಟ್ಟ ದೇಣಿಗೆಯಿಂದ ಕಟ್ಟಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವೂ ಚಿಕಿತ್ಸೆಯ ನಂತರದ ಕೂಟಗಳಿಗೆ ದೊಡ್ಡ ಜಾಗ ಕೊಟ್ಟಿದೆ. ಗಾಣಗಾಪುರಕ್ಕೆ ಬರುವ ಮರಾಠಿ ಭಕ್ತರಲ್ಲಿ ಅನೇಕರಿಗೆ ಅದರ ಹೆಸರು ಪರಿಚಿತ.

ಇನ್ನು ಕಾನೂನಿನ ಹಾದಿ. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಪ್ಯಾಕೆಟ್ ಹೋಯಿತು, ಅಗ್ಗದ ವಿಸ್ಕಿ ಅದೇ ಜಾಗಕ್ಕೆ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅವರಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಕೂಲಿಕಾರ ಹೆಣ್ಣುಮಕ್ಕಳು ಬಹಳ ಇದ್ದರು. ಕಾನೂನಿನ ಆ ವಾದ ಇನ್ನೂ ಮುಗಿದಿಲ್ಲ, ಅದು ಬೇರೆಯೇ ಲೇಖನ. ಅಂಗಡಿ ಮುಚ್ಚಲಿ, ತೆರೆದಿರಲಿ, ಇವತ್ತು ಸಂಜೆ ಒಬ್ಬ ಮನುಷ್ಯ ಎಲ್ಲಿ ಹೋಗಿ ಕೂರಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಹುಡುಕುವುದು ಹೇಗೆ? ಫೋನಿನಿಂದ ಶುರು ಮಾಡಬಹುದು. 14446 ಮಾದಕ ವ್ಯಸನದವರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ, 14416 ಟೆಲಿ ಮನಸ್. ಎರಡನೆಯದು 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ. ಅಫಜಲಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವೈದ್ಯರು ಬರುವ ದಿನ ಯಾವುದೆಂದು ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದಕ್ಕೆಂದೇ ಇದೆ. ಆ ಕಾರ್ಯಕ್ರಮಕ್ಕೆ ದೇಶದಲ್ಲೇ ಮೊದಲ ಮಾದರಿಯಾದದ್ದು 1980ರ ದಶಕದ ನಮ್ಮ ಬಳ್ಳಾರಿ ಜಿಲ್ಲೆ ಎಂಬುದು ಹೆಮ್ಮೆಯ ಮಾತು. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋದಾಗ ಮಾತ್ರೆಯ ಚೀಟಿ ಇಸಿದುಕೊಂಡು ಎದ್ದು ಬರಬೇಡಿ. "ಬಿಟ್ಟವರು ಕೂಡೋ ಸಭೆ ಎಲ್ಲಿ ಆಗ್ತದ್ರಿ" ಎಂದು ಕೇಳಿ. ಹಾಗೆ ಕೇಳುವವರು ಕಡಿಮೆ, ಆದ್ದರಿಂದ ಹೇಳುವವರೂ ಕಡಿಮೆ. ಧರ್ಮಸ್ಥಳ ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ಮುಂದಿನ ಶಿಬಿರದ ದಿನವನ್ನೂ, ಹತ್ತಿರದ ನವಜೀವನ ಸಮಿತಿಯ ಸದಸ್ಯರು ಯಾರೆಂಬುದನ್ನೂ ಕೇಳಬಹುದು. ಎ.ಎ. ಸಭೆಗಳು ಕೋವಿಡ್ ಕಾಲದಿಂದ ಮೊಬೈಲಿನಲ್ಲೂ ನಡೆಯುತ್ತವೆ. ದೂರದ ಹಳ್ಳಿಯವನಿಗೆ ಅದು ದೊಡ್ಡ ಆಸರೆ.

ಸಣ್ಣ ಊರಿನವರ ಅಂಜಿಕೆ ಬೇರೆಯದು. "ನಾಕು ಮಂದಿಗೆ ಗೊತ್ತಾದ್ರ ಮಗಳಿಗೆ ಸಂಬಂಧ ಬರೂದಿಲ್ಲ" ಎನ್ನುತ್ತಾರೆ. ಕುಡಿಯುವುದು ಊರಿಗೆಲ್ಲ ಗೊತ್ತಿದ್ದರೂ ಬಿಡುವುದು ಗೊತ್ತಾಗಬಾರದು. ಈ ನಾಚಿಕೆಯನ್ನು ನಾನು ಹಗುರವಾಗಿ ಕಾಣಲಾರೆ, ಅದರ ಹಿಂದೆ ಇಡೀ ಮನೆಯ ಮಾನವಿದೆ. ಮೊದಲ ಕೆಲವು ತಿಂಗಳು ಸುಮಾರು 40 ಕಿಲೋಮೀಟರು ದೂರದ ಕಲಬುರಗಿಯಲ್ಲೇ ಸಭೆ, ವೈದ್ಯರು ಎಂದು ಇಟ್ಟುಕೊಂಡರೆ ತಪ್ಪಿಲ್ಲ. ಸಭೆಯಲ್ಲಿ ಕೇಳಿದ್ದು ಹೊರಗೆ ಹೋಗಬಾರದು ಎಂಬುದು ಎ.ಎ.ಯ ಹೆಸರಿನಲ್ಲೇ ಇರುವ ಕಟ್ಟಳೆ.

ಹೆಂಡತಿಗೂ ಒಂದು ಸಭೆ ಬೇಕು. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ 1951ರಲ್ಲಿ ಅಲ್-ಅನಾನ್ ಕಟ್ಟಿದ್ದು ಮನೆಯವರಿಗಾಗಿಯೇ. ಗಂಡ ಒಪ್ಪಿದರೂ ಒಪ್ಪದಿದ್ದರೂ ಆಕೆ ಹೋಗಬಹುದು. ಶಕ್ತಿ ಯೋಜನೆಯಿಂದ ಕಲಬುರಗಿಗೆ ಬಸ್ಸಿನ ಖರ್ಚೂ ಇಲ್ಲ. ಅವಳು ಅಲ್ಲಿ ಮೊದಲು ಕಲಿಯುವುದು, ಈ ಕುಡಿತ ತನ್ನಿಂದ ಶುರುವಾಗಿಲ್ಲ ಎಂಬುದನ್ನು. ಅತ್ತೆಯ ಮಾತು, ನೆರೆಯವರ ಮಾತು ಇಷ್ಟು ವರ್ಷ ಅವಳಿಗೆ ಅದರ ತಿರುಗುಮುರುಗು ಕಲಿಸಿರುತ್ತವೆ. ಇನ್ನೊಂದನ್ನು ಅವಳಿಗೆ ಕೈಮುಗಿದು ಹೇಳಬೇಕು. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ ಎಂದು ಗೋಡೆಯ ಮೇಲೆ ಬರೆದದ್ದನ್ನು ನಂಬಬೇಡಿ. ಡೈಸಲ್ಫಿರಾಂ ಎಂಬ ಔಷಧ ಮೈಯಲ್ಲಿರುವಾಗ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ಅದನ್ನು ರೋಗಿಗೆ ತಿಳಿಸಿ, ಅವನು ಒಪ್ಪಿ, ವೈದ್ಯರೇ ಕೊಡಬೇಕು. ಹೊಡೆದು, ಸರಪಳಿ ಹಾಕಿ ಬಿಡಿಸುವ ಕೇಂದ್ರಗಳಿಂದಲೂ ದೂರವಿರಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾದ ಬಳಿ ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಬೆಂಕಿಯಲ್ಲಿ ಬೆಂದರು, 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಮದ್ಯವ್ಯಸನಿಯೂ ಆ ಕಾಯ್ದೆಯ ರಕ್ಷಣೆಯೊಳಗೆ ಬರುತ್ತಾನೆ.

ಗುಜರಾತಿನ ಉನಾವಾ ಎಂಬಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿಗೂ ಗಾಣಗಾಪುರದಂತೆಯೇ ಮೈಮೇಲೆ ಬಂದವರು, ಮನಸ್ಸು ಕೆಟ್ಟವರು ಬರುತ್ತಾರೆ. ಅಲ್ಲಿ ದವಾ ಮತ್ತು ದುವಾ ಎಂಬ ಏರ್ಪಾಡಿದೆ. ದರ್ಗಾದ ಮುಜಾವರರೇ ಹರಕೆ ಮುಗಿಸಿದವರನ್ನು ಅಲ್ಲೇ ಕೂರುವ ವೈದ್ಯರ ಬಳಿ ಕಳಿಸುತ್ತಾರೆ. ಪ್ರಾರ್ಥನೆಯನ್ನೂ ಯಾರೂ ಬಿಡಿಸಿಲ್ಲ, ಮಾತ್ರೆಯನ್ನೂ ಯಾರೂ ಬೈದಿಲ್ಲ. ಗಾಣಗಾಪುರಕ್ಕೂ ಇದು ಬರಬೇಕೆಂದು ನಾನು ಒತ್ತಿ ಕೇಳುತ್ತೇನೆ, ಇದರ ಜೊತೆಗೆ ಒಂದು ಸಭೆಯೂ ಇರಲಿ. ಗುರುವಾರ ದತ್ತನ ವಾರ, ಜನ ಹೇಗೂ ಕೂಡುವ ದಿನ. ಯಾವುದಾದರೂ ಧರ್ಮಶಾಲೆಯವರು ಒಂದು ಕೋಣೆಯನ್ನು ಸಂಜೆ ಒಂದು ತಾಸು ಬಿಟ್ಟುಕೊಡಲಿ. ಪೂಜಾರಿಗಳು ಆಣೆ ಮಾಡಿಸಿದ ಮೇಲೆ, ಆ ಕೋಣೆಗೆ ಹೋಗು ಎಂದು ಒಂದು ಮಾತು ಸೇರಿಸಲಿ. ಬಾಗಿಲ ಮೇಲೆ ಸಹಾಯವಾಣಿಯ ಸಂಖ್ಯೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಬಹುದು. ಎ.ಎ. ಗುಂಪು ಶುರು ಮಾಡಲು ಇಬ್ಬರು ಸಾಕು, ಯಾರ ಅಪ್ಪಣೆಯೂ ಬೇಡ, ಹೊರಗಿನ ದೇಣಿಗೆಯನ್ನು ಅವರು ತೆಗೆದುಕೊಳ್ಳುವುದೂ ಇಲ್ಲ. ಚಹಾದ ಖರ್ಚಿಗೆ ಕೂತವರೇ ತಟ್ಟೆಗೆ ಹಾಕುತ್ತಾರೆ. ಕುಡಿತ ಬಿಟ್ಟ ಒಬ್ಬರು ಈ ಊರಿನಲ್ಲೋ ಅಕ್ಕಪಕ್ಕದ ಹಳ್ಳಿಯಲ್ಲೋ ಇದ್ದೇ ಇರುತ್ತಾರೆ, ಬಿಡಬೇಕೆಂದು ಬರುವ ಇನ್ನೊಬ್ಬರು ಪ್ರತಿ ಗುರುವಾರ ಬಸ್ಸಿನಿಂದ ಇಳಿಯುತ್ತಲೇ ಇದ್ದಾರೆ.